ಕಾಡಿನಿಂದ ಮಳೆಗೆ ಬಾಣ

ಅಜ್ಜೀಪುರ
೧೪-೯-೧೯೬೮

ಚಿರಂಜೀವಿ ಪುಟ್ಟಗೌರಿಗೆ ನಿನ್ನ ಸೋದರತ್ತೆಯ ಆಶೀರ್ವಾದ. ನಾವೆಲ್ಲ ಕ್ಷೇಮ. ಕೊಳ್ಳೇಗಾಲದ ಹಾಸ್ಟೆಲಿನಲ್ಲಿ ಅಳುತ್ತಾ ಕೂತಿದ್ದರೆ ಮೊದಲು ಎದ್ದು ಮುಖ ತೊಳೆದುಕೋ, ಆಮೇಲೆ ಇದನ್ನು ಓದು.

ನಿನ್ನ ಭೂಗೋಳದ ನೋಟ್ ಪುಸ್ತಕ ಕಿತ್ತುಕೊಂಡ ನಿಮ್ಮಪ್ಪ ಬಸ್ಸಿಳಿದು ನೇರ ನಮ್ಮ ಮನೆಗೇ ಬಂದ. "ನೋಡಕ್ಕ, ಓದ್ಲಿ ಅಂತ ಬುಟ್ರೆ ರಂಗೋಲಿ ಆಕ್ತಾ ಕುಂತವ್ಳೆ. ಇವಳ ಜೊತೇಲೇ ಓದೋ ಜಡೇಸ್ವಾಮಿ ಮಗಳ ಪುಸ್ತಕ ನೋಡ್ದೆ, ನೇಗ್ಲು ಸಾಲು ಒಡ್ದಂಗೈತೆ. ದಸರಾ ರಜಕ್ಕೆ ಕರ್ಕಂಡ್ ಬಂದ್ಬುಡ್ತೀನಿ. ಸಾಕು ಇಸ್ಕೂಲು!" ಎಂದು ಪುಸ್ತಕವನ್ನು ನನ್ನ ಮುಂದೆ ಎಸೆದ.

ತೆರೆದು ನೋಡಿದೆ. ಹಾಳೆಯ ನಡುವೆ ಒಂದು ಸುತ್ತು, ಅದರೊಳಗೆ ‘ಮಳೆ’ ಎಂಬ ಮಾತು. ಅಲ್ಲಿಂದ ಬಾಣದ ಗೆರೆ ಎಳೆದು ಕವಲು ಕವಲಾಗಿ ಗಾಳಿ, ಬೆಟ್ಟ, ಹೊಳೆ, ಬೆಳೆ, ಕಾಡು. ಮೊದಲಿಗೆ ನನಗೂ ಹುಚ್ಚಾಟವೆನಿಸಿತು ಕಣೆ. ನಾನು ಅಕ್ಷರ ಕಲಿತದ್ದು ಸಂತೆಯ ಪೊಟ್ಟಣದ ಕಾಗದ ಬಿಡಿಸಿ. ಅಲ್ಲೂ ಸಾಲು ಎಡದಿಂದ ಬಲಕ್ಕೇ ಹೋಗುತ್ತಿತ್ತು. ಒಂದು ಹಾಳೆಯೊಳಕ್ಕೆ ಯಾವ ಬಾಗಿಲಿಂದ ಬೇಕಾದರೂ ಹೋಗಬಹುದೆಂದು ಯಾರಿಗೆ ಗೊತ್ತಿತ್ತು?

ಅವನು ಉಂಡು ಮಲಗಿದಾಗ ನಾನೂ ಒಂದು ಬರೆದು ನೋಡಿದೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಊಟ ಹಾಕುತ್ತೇವಲ್ಲ, ಅದು. ಸಾಮಾನು ಬರೆದಾಗ ಬೆಲ್ಲ ಎರಡು ಕಡೆ ಬಿತ್ತು, ಉಪ್ಪು ಎಲ್ಲೂ ಬೀಳಲಿಲ್ಲ. ಅಂಗಡಿಗೆ ಹೋಗಲು ಸಾಲುಪಟ್ಟಿಯೇ ಸರಿ, ಗೌರಿ. ಆದರೆ ಕೆಲಸಗಳನ್ನು ಬರೆದು ಮಾಡುವವರ ಕಡೆಗೆ ಗೆರೆ ಎಳೆದೆ ನೋಡು, ನೀರು ಹೊರುವ ಗೆರೆ, ಮುದ್ದೆ ತೊಳಸುವ ಗೆರೆ, ಎಲೆ ಎತ್ತುವ ಗೆರೆ, ಎಲ್ಲವೂ ಬಂದು ನನ್ನನ್ನೇ ಚುಚ್ಚಿದವು! ಇಷ್ಟು ವರ್ಷ ಪಟ್ಟಿ ಬರೆದರೂ ಕಂಡಿರಲಿಲ್ಲ. ಈ ಸಲ ನಿಮ್ಮ ಮಾವನ ಕೈಗೆ ಕೊಡ ಕೊಡುತ್ತೇನೆ.

ನಿಮ್ಮಪ್ಪ ಎದ್ದ ಮೇಲೆ, "ಬಾರ್ಲಾ ಮಲ್ಲಪ್ಪ, ನಿನ್ ಮಗಳ ರಂಗೋಲಿ ಓದ್ತೀನಿ ಕೇಳು" ಎಂದೆ. ಗಾಳಿ ಮೋಡ ತರುತ್ತದೆ, ಬೆಟ್ಟ ತಡೆಯುತ್ತದೆ ಎಂದು ಬೆರಳಿಟ್ಟು ಹೇಳುತ್ತಾ ಹೋದೆ. ಆಕಳಿಸುತ್ತಿದ್ದವನು ಬಗ್ಗಿ ನೋಡತೊಡಗಿದ. ಕಾಡಿನ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದ. "ಮಳೆಯಿಂದ ಕಾಡು, ಸರಿ. ಕಾಡ್ನಿಂದ ತಿರ್ಗಾ ಮಳೆಗ್ಯಾಕಕ್ಕ ಬಾಣ ಬುಟ್ಟವ್ಳೆ?"

ಉತ್ತರ ಹೇಳಿದೆ. ಅವನು ಹೊಲದ ಕಡೆ ತಿರುಗಿ ನೋಡಿದ. ಆಮೇಲೆ, "ಜಡೇಸ್ವಾಮಿ ಮಗಳ ಪುಸ್ತಕದಲ್ಲಿ ಈ ಬಾಣ ಐತಾ?" ಎಂದ.

"ಸಾಲಾಗಿ ಬರ್ದ್ರೆ ಮಳೆ ಒಂದ್ ಹಾಳೇಲಿ, ಕಾಡು ಇನ್ನೊಂದ್ ಹಾಳೇಲಿ. ಬಾಣ ಎಲ್ಲಿಂದ ಬುಟ್ಟಾಳು?" ಎಂದೆ.

ರಜಕ್ಕೆ ಧೈರ್ಯವಾಗಿ ಬಾ. ರಜ ಮುಗಿದ ಮೇಲೆ ತಾನೇ ಬಸ್ಸು ಹತ್ತಿಸುತ್ತೇನೆ ಎಂದಿದ್ದಾನೆ. ಪುಸ್ತಕ ಮಾತ್ರ ಕೊಡಲಿಲ್ಲ, ಮಿಕ್ಕ ಹಾಳೆಗಳನ್ನೂ ನೋಡಬೇಕಂತೆ. ಪರೀಕ್ಷೆಯಲ್ಲಿ ಮೇಷ್ಟ್ರು ಸಾಲಾಗಿ ಬರೆ ಎಂದರೆ ಸಾಲಾಗಿಯೇ ಬರೆ, ಹಟ ಬೇಡ.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ ಅತ್ತೆ,
ಶಿವರತ್ನಮ್ಮ

ಮೇಲೆ ಬರೆಯದೆ ಬಿಟ್ಟದ್ದು: ಆ ಬಾಣದ ಅರ್ಥ ನನಗೆ ಗೊತ್ತಿರಲಿಲ್ಲ. ದಣಿದ ಮೋಡ ಮರದ ಮೇಲೆ ಕೂರುತ್ತದೆ, ಮರವಿಲ್ಲದಿದ್ದರೆ ಮುಂದಿನ ಊರಿಗೆ ಹೋಗುತ್ತದೆ ಎಂದುಬಿಟ್ಟೆ. ಮಾದಪ್ಪನ ಬೆಟ್ಟದ ಕಡೆ ಮುಖ ಮಾಡಿ ಆಣೆ ಇಟ್ಟು ಹೇಳು ಎನ್ನಲಿಲ್ಲ, ಬದುಕಿದೆ. ಆದರೆ ನಿಮ್ಮ ಹೊಲದ ಬದುವಿನ ಹುಣಸೆಮರ ಕಡಿಯಲು ಬಂದ ಮುತ್ತಯ್ಯನನ್ನು ನಿಮ್ಮಪ್ಪ ಇವತ್ತು ವಾಪಸು ಕಳಿಸಿದನಂತೆ. ನಿಜ ಏನೆಂದು ಬೇಗ ಬರೆ.