ಒಣಗಿದ ಮೇಲೆ ಮರೆತ ರೇಷ್ಮೆ

ಚಿಕ್ಕಬಳ್ಳಾಪುರ,
೧೭ ನವೆಂಬರ್ ೨೦೨೫

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಚಿಂತಾಮಣಿಯಿಂದ ಕೈವಾರದ ಶಾಲೆಗೆ ಹೋಗುವಾಗ ಬಸ್ಸಿನ ಮೆಟ್ಟಿಲು ಹತ್ತಲು ಈಗಲೂ ಯಾರಾದರೂ ಕೈ ಹಿಡಿಯಬೇಕೆ? ನಾನು ತಂದುಕೊಟ್ಟ ಮುಲಾಮು ಬೀರುವಿನಲ್ಲೇ ಇರುತ್ತದೆ, ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ, ಊಟ ಸೇರುತ್ತಿದೆ. ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿ ಮನೆಗೆ ಬಂದವರಿಗೆಲ್ಲ ಕೇಳಿಸುತ್ತಾರೆ. ಅದಕ್ಕೇ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ವಿಜ್ಞಾನ ಪತ್ರಿಕೆಯೊಂದರಲ್ಲಿ ನನ್ನ ಲೇಖನ ಒಪ್ಪಿಗೆಯಾಯಿತೆಂದು ಅಪ್ಪ ಟೊಮೆಟೊ ಮಂಡಿಯಲ್ಲಿ ಮೈಸೂರುಪಾಕು ಹಂಚಿದರಲ್ಲ, ಅದರ ಕಥೆ ಹೇಳಬೇಕು. ಶಿಡ್ಲಘಟ್ಟದ ರೇಷ್ಮೆಗೂಡು ಕುದಿಸಿ, ಕರಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪದರ ಮಾಡಿ, ಕಂಪ್ಯೂಟರಿನ ಮೆಮೊರಿಯಂತೆ ಅದರಲ್ಲಿ ಮಾಹಿತಿ ನಿಲ್ಲುತ್ತದೆಯೇ ಎಂದು ನೋಡುವುದು ನನ್ನ ಕೆಲಸ. "ಕರೆಂಟ್ ಹೋದ್ರೂ ಬರ್ದಿದ್ದು ಹಂಗೇ ಇರುತ್ತೇನೇ?" ಎಂದು ನೀನು ಕೇಳಿದ್ದೆ. ಇತ್ತು ಅಮ್ಮಾ, ಹನ್ನೊಂದು ದಿನ. ಅದನ್ನೇ ನಾನೂ ನನ್ನ ಜೊತೆ ಸಂಶೋಧನೆ ಮಾಡುವ ಕಿರಿಯ ವಿವೇಕನೂ ಬರೆದು ಕಳಿಸಿದ್ದೆವು.

ಆದರೆ ಮಳೆ ನಿಂತು ಚಳಿಗಾಳಿ ಶುರುವಾದ ಮೇಲೆ ಮಾಡಿದ ಪದರಗಳು ಒಂದೇ ಗಂಟೆಯಲ್ಲಿ ಎಲ್ಲ ಮರೆತವು. ಹಳೆಯವನ್ನೂ ತೆಗೆದು ಚೆನ್ನಾಗಿ ಒಣಗಿಸಿ ನೋಡಿದೆ, ಅವೂ ಮರೆತವು. ನೆನಪು ಹಿಡಿದಿದ್ದದ್ದು ರೇಷ್ಮೆಯಲ್ಲ, ಮಳೆಗಾಲದಲ್ಲಿ ಅದು ಹೀರಿದ್ದ ತೇವ. ನಾವು ಬರೆದದ್ದು ತಪ್ಪು. ಅದು ನನಗೊಬ್ಬಳಿಗೇ ಗೊತ್ತಿತ್ತು, ಲೇಖನ ಅಚ್ಚಾಗಲು ಹತ್ತು ದಿನ ಉಳಿದಿತ್ತು, ಅದನ್ನೇ ತೋರಿಸಿ ವಿವೇಕ್ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದ. ನಾಲ್ಕು ದಿನ ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಯಾರು ತಾನೇ ಈ ಪದರವನ್ನು ಮತ್ತೆ ಮಾಡಿ ನೋಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಊಟ ಮಾಡಿದ್ದೂ ಉಂಟು.

ಐದನೆಯ ದಿನ ನಮ್ಮ ಮಾರ್ಗದರ್ಶಕಿ ಕನಕಲಕ್ಷ್ಮಿ ಮೇಡಂಗೆ ಹೇಳಿದೆ. ಅವರು ಹೊಸ ಅಳತೆಗಳನ್ನು ತರಿಸಿ ಒಂದೊಂದಾಗಿ ನೋಡಿದರು. ಆಮೇಲೆ, "ವಾಪಸ್ ತಗೋತೀವಿ ಅಂತ ಇವತ್ತೇ ಬರೆದ್ಬಿಡಮ್ಮ. ನಾಳೆ ಅಂದ್ರೆ ನನಗೂ ಮನಸ್ಸು ಬರಲ್ಲ" ಎಂದರು. ಬರೆದೆ. ವಿವೇಕ್ ಆರು ದಿನ ಮಾತಾಡಲಿಲ್ಲ. ಅವನ ಅರ್ಜಿ ಈ ವರ್ಷಕ್ಕೆ ಹೋಯಿತು, ಅದನ್ನು ನಾನು ತುಂಬಿಕೊಡಲಾರೆ. ಮೊನ್ನೆ ತಾನಾಗಿಯೇ ಬಂದು, ತೇವ ಅಳೆಯುವ ಮೀಟರನ್ನು ನನ್ನ ಮೇಜಿನ ಮೇಲಿಟ್ಟು, "ಎಷ್ಟು ತೇವಕ್ಕೆ ಎಷ್ಟು ದಿನ ನೆನಪಿರುತ್ತೆ, ಅಳ್ದು ನೋಡಣ ಬಾಕ್ಕ" ಎಂದ. ಮುಖದಲ್ಲಿ ಸಿಟ್ಟು ಇನ್ನೂ ಇತ್ತು. ಆದರೂ ಸಂಜೆಯೊಳಗೆ ಇಬ್ಬರೂ ಕೂತು ಹದಿನೆಂಟು ಪದರ ಅಳೆದೆವು.

ಪಕ್ಕದ ಮನೆಯ ಅಶ್ವತ್ಥಮ್ಮಜ್ಜಿಗೆ ನನ್ನ ನಮಸ್ಕಾರ. ಪಾಠದ ನಡುವೆ ಸ್ವಲ್ಪ ಕುರ್ಚಿಯಲ್ಲೂ ಕೂರು, ಮಕ್ಕಳೇನೂ ತಪ್ಪು ತಿಳಿಯುವುದಿಲ್ಲ.

ನಿನ್ನ ಮಗಳು,
ಯಾಮಿನಿ

ತಾ.ಕ.: ಅಂಚೆಗೆ ಹೊತ್ತಾಯಿತು. ಭಾನುವಾರ ಮಂಡಿಯವರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರಂತೆ, ಅಪ್ಪ ಹೊಸ ಪಂಚೆ ತಂದಿದ್ದಾರಂತೆ. ಬೇಡವೆಂದು ಮಂಡಿಯವರಿಗೆ ನಾನೇ ಫೋನ್ ಮಾಡಬಹುದು, ಆದರೆ ಲೇಖನ ವಾಪಸ್ ತಗೊಂಡದ್ದನ್ನು ಅಪ್ಪ ಬೇರೆಯವರ ಬಾಯಲ್ಲಿ ಕೇಳಬಾರದು. ಶನಿವಾರ ಬೆಳಿಗ್ಗೆ ಬರುತ್ತೇನೆ. ಅಲ್ಲಿಯವರೆಗೆ ನೀನು ಏನೂ ಹೇಳಬೇಡ. ನಾನು ಹೇಳುವಾಗ ಮಾತ್ರ, ಕಾಫಿ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋಗದೆ, ನನ್ನ ಪಕ್ಕದಲ್ಲೇ ಕೂತಿರು.