ಬೋಂಡನ ಹೆಬ್ಬೆರಳ ಉಗುರು

ನವೆಂಬರ್ 12, ಮಂಗಳವಾರ

ಕೊನೆಗೂ ನಮ್ಮ ನಾಯಿ ಬೋಂಡನ ಮುಂಗಾಲಿನ ಹೆಬ್ಬೆರಳ ಉಗುರು ಕತ್ತರಿಸಿಬಿಟ್ಟೆ! ಸುತ್ತಿಕೊಂಡು ಇನ್ನೇನು ಮಾಂಸಕ್ಕೆ ಚುಚ್ಚುವುದರಲ್ಲಿತ್ತು. ಇಂಜೆಕ್ಷನ್ ಕೊಟ್ಟು ಮಲಗಿಸದೆ ಆಗಲ್ಲ ಅಂದಿದ್ದರು ಬಟವಾಡಿ ಬಡಾವಣೆಯ ನಾಯಿ ಡಾಕ್ಟರು.

ಮೊದಲ ದಿನ ತಪ್ಪು ನನ್ನದೇ. ನನ್ನ ಕಟಿಂಗ್ ಶಾಪಿನ ಗಿರಾಕಿಗೆ ಕಟ್ಟುವ ಹಾಗೆ ಅದರ ಕುತ್ತಿಗೆಗೂ ಬಟ್ಟೆ ಕಟ್ಟಿದೆ. ಬಟ್ಟೆ ಸಮೇತ ಓಡಿ ನಮ್ಮ ಮರಳೂರೆಲ್ಲ ಸುತ್ತಿ ಬಂತು. ಆಮೇಲೆ, ಕತ್ತರಿ ಕಂಡರೆ ಅಳುವ ಮಕ್ಕಳಿಗೆ ಮಾಡುವುದನ್ನೇ ಮಾಡಿದೆ. ಗಾಳಿಯಲ್ಲಿ ಕಟಕ್ ಅನ್ನಿಸುವುದು, ಬಾಯಿಗೆ ಚೂರು ಕೊಬ್ಬರಿ ಹಾಕುವುದು. ಇಪ್ಪತ್ತು ದಿನ ಬರೀ ಗಾಳಿ ಕತ್ತರಿಸಿದೆ.

ಇವತ್ತು ಅಂಗಡಿ ರಜೆ. ಬೋಂಡ ತಾನಾಗಿಯೇ ಬಂದು ನನ್ನ ತೊಡೆ ಮೇಲೆ ಕಾಲಿಟ್ಟಿತು.

"ರೀ, ಮಂಗ್ಳವಾರ ಕಣ್ರೀ! ಮೂವತ್ತ್ ವರ್ಷದಿಂದ ಇವತ್ತಿನ್ ದಿನ ಕತ್ರಿ ಮುಟ್ಟಿಲ್ಲ ನೀವು," ಅಂದಳು ಹೆಂಡತಿ ಪುಟ್ಟಲಕ್ಷ್ಮಿ.

"ಸುಮ್ನಿರೇ, ಗಿರಾಕಿ ಎದ್ದೋಯ್ತಾನೆ!"

ಕಟಕ್. ಉಗುರು ಬಿತ್ತು, ನಾಯಿ ಅಲುಗಲಿಲ್ಲ.

ಅಭ್ಯಾಸಬಲದಿಂದ ಕೂಡಲೇ ಕನ್ನಡಿ ತೋರಿಸಿದೆ. ಬೊಗಳಿತು. ಯಾವ ಗಿರಾಕಿಯೂ ಇಷ್ಟು ಜೋರಾಗಿ ನನ್ನ ಕೆಲಸ ಹೊಗಳಿಲ್ಲ. ನಾಳೆ ಆ ಡಾಕ್ಟರ ಹತ್ತಿರ ಹೋಗಿ ಈ ಉಗುರು ತೋರಿಸಿ...

"ರೀ, ಮುದ್ದೆ ಆರೋಯ್ತದೆ. ನಿಮ್ ಗಿರಾಕಿ ಉಂಡಾಯ್ತು, ನೀವೂ ಬನ್ರೀ!"