ಎಲ್ಲವನ್ನೂ ಸಾಲವೆಂದು ಕೂಡಿಸಿದವನು

ಅಕ್ಕಾ,

ನೀನು ತೀರಿಕೊಂಡ ಮೇಲೂ ನಿನಗೆ ವರದಿ ಒಪ್ಪಿಸುವ ಚಟ ಬಿಟ್ಟಿಲ್ಲ. ಮಗಳಿಗೆ ಕಾಲೇಜಿನಿಂದ ನೆರವಿನ ಪತ್ರ ಬಂತು. ಮನೆಯ ಮಹಾಪಂಡಿತನಾದ ನಾನು ಅದರಲ್ಲಿದ್ದ ಮೊತ್ತಗಳನ್ನೆಲ್ಲ ಕೂಡಿಸಿ, "ಇಷ್ಟು ಸಾಲ ತೀರಿಸೋಕೆ ಏಳು ಜನ್ಮ ಬೇಕು" ಎಂದು ತೀರ್ಪು ಕೊಟ್ಟೆ. ಅವಳು ನಿನ್ನಷ್ಟು ಸಾಧುವಲ್ಲ, ಇಂದು ನನ್ನನ್ನು ಕಾಲೇಜಿನ ಕಚೇರಿಗೇ ಎಳೆದೊಯ್ದಳು.

"ಸಾರ್, ಕೊನೇದು ಮಾತ್ರ ಸಾಲ, ಬೇಡ ಅಂದ್ರೆ ಬಿಡಿ. ಮೇಲಿನದೆಲ್ಲ ಅನುದಾನ, ವಾಪಸ್ ಕೊಡಬೇಕಾಗಿಲ್ಲ" ಎಂದರು ಅಲ್ಲಿನ ಮೇಡಂ.

ಅಂದು ನಿನಗೆ ಕಾಲೇಜಿನಿಂದ ಬಂದಿದ್ದ ಪತ್ರವನ್ನೂ ನಾನು ಹೀಗೇ ಕೂಡಿಸಿದ್ದೆ. "ಲೆಕ್ಕದಲ್ಲಿ ನೀನು ಜಾಣ ಕಣೋ" ಎಂದು ನನ್ನ ಬೆನ್ನು ತಟ್ಟಿ, ನೀನು ಮರುದಿನವೇ ಹೊಲಿಗೆ ಅಂಗಡಿಗೆ ಸೇರಿದೆ.

"ನಿಮ್ಮ ಮನೆಯಿಂದ ಕಾಲೇಜಿಗೆ ಬರ್ತಿರೋ ಮೊದಲನೇ ಹುಡುಗಿ ನೀನೇನಾ?" ಎಂದು ಮೇಡಂ ಮಗಳನ್ನು ಕೇಳಿದರು.

ಅವಳು ಹೆಮ್ಮೆಯಿಂದ ಹೌದೆಂದಳು. ನಾನು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ಮೇಜಿನಡಿ ಬಗ್ಗಿದೆ.